ಚೆಕರ್ ಸಾವಿತ್ರಿ ತನ್ನ ರಿಪೋರ್ಟ್ ತಾನೇ ನೋಡಿದ್ದು

ಪದ್ಮಕ್ಕಾ, ಶುಗರ್ ಹೇಗಿದೆ?
ರೇಣುಕಾ, ಸೊಂಟದ ಬೆಲ್ಟ್ ಬಿಚ್ಚಿದೆಯಾ, ಇನ್ನೂ ಹಾಕ್ಕೊಂಡೇ ಇದೀಯಾ?
ಬಸಣ್ಣಾ, ಕಣ್ಣಿನ ಆಪರೇಷನ್ ಆದಮೇಲೆ ಫೋನಲ್ಲಿ ಅಕ್ಷರ ಕಾಣ್ತಿದೆಯಾ?
ಎಲ್ಲರೂ ಕ್ಷೇಮ ಅಂದುಕೊಂಡೇ ಬರೀತಿದೀನಿ...

ನಮ್ಮ ಸಾವಿತ್ರಿ ಹೋಗ್ಬಿಟ್ಟಳು.
ಇವತ್ತು ಬೆಳಗ್ಗೆ. ಲಗ್ಗೆರೆಯಲ್ಲಿ, ಅವಳ ಮನೆಯಲ್ಲೇ...
ಅವಳ ಮಗ ಮಂಜು ಫೋನ್ ಮಾಡಿ ಹೇಳಿದಾಗ "ಯಾವ ಸಾವಿತ್ರಿ?" ಅಂದೆ ನಾನು.
ಅವಳ ಮಗನನ್ನೇ ಹಾಗೆ ಕೇಳಿದೆ...
ಭಾನುವಾರ ತಾನೇ "ಆ ಡಿಪಿ ಫೋಟೋ ಬದಲಾಯ್ಸೇ, ರೇಷನ್ ಕಾರ್ಡಲ್ಲಿ ಇರೋ ಹಂಗಿದೀಯ" ಅಂತ ಬೈದಿದ್ದಳು. ಹೇಗೆ ನಂಬೋದು...

ಗೊತ್ತಿಲ್ಲದವರಿಗೆ ಹೇಳ್ತೀನಿ.
ಪೀಣ್ಯದ ಗಾರ್ಮೆಂಟ್ಸ್‌ನಲ್ಲಿ ನಾನು ಟೈಲರ್, ಅವಳು ಚೆಕರ್.
ನಾನು ಹೊಲಿದ ಶರ್ಟಿನಲ್ಲಿ ತಪ್ಪು ಹುಡುಕಿ ಸ್ಟಿಕ್ಕರ್ ಅಂಟಿಸೋದೇ ಅವಳ ಕೆಲಸ. ಬೈದಾಡಿಕೊಂಡು, ಆಮೇಲೆ ಒಂದೇ ಡಬ್ಬಿಯಲ್ಲಿ ಊಟ. ಇಪ್ಪತ್ತಾರು ವರ್ಷ...

ರಿಟೈರ್ ಆದಮೇಲೆ, ಅರವತ್ತೊಂಬತ್ತನೇ ವಯಸ್ಸಲ್ಲಿ ಅವಳಿಗೆ ಲ್ಯುಕೇಮಿಯಾ ಬಂತು. ಬ್ಲಡ್ ಕ್ಯಾನ್ಸರ್.
ಮೊದಲನೇ ಆಸ್ಪತ್ರೆಯಲ್ಲಿ ಅವಳನ್ನ ಆಚೆ ಬೆಂಚಲ್ಲಿ ಕೂರಿಸಿ ಮಂಜುಗೆ ಹೇಳಿದ್ರು...
"ಈ ವಯಸ್ಸಿಗೆ ಕೀಮೋ ತಡ್ಕೊಳ್ಳಲ್ಲ. ಮನೆಗೆ ಕರ್ಕೊಂಡು ಹೋಗಿ, ಇಷ್ಟಪಟ್ಟಿದ್ದು ಮಾಡಿ ಹಾಕಿ."
ನಾವೆಲ್ಲ ಸೇರಿ ಅವಳಿಗೆ "ರಕ್ತ ಕಮ್ಮಿ" ಅಂದ್ವಿ.
ನಾನೂ ಅಂದೆ. ದಿನಾ ಬೀಟ್‌ರೂಟ್ ಪಲ್ಯ ಮಾಡಿಕೊಂಡು ಹೋಗ್ತಿದ್ದೆ...

ಒಂದು ಮಧ್ಯಾಹ್ನ ಹೋದರೆ, ಬೀರು ಮೇಲಿನ ಫೈಲ್ ಇಳಿಸಿ ತೊಡೆ ಮೇಲಿಟ್ಟುಕೊಂಡು ಕೂತಿದ್ದಾಳೆ.
ಇಂಗ್ಲಿಷ್ ಅಷ್ಟಕ್ಕಷ್ಟೆ. ಆದರೆ ಶರ್ಟಿನ ಅಳತೆ ಶೀಟ್ ನೋಡಿ ನೋಡಿ ಪಳಗಿದ ಕಣ್ಣು.
"ಇರಬೇಕಾದ್ದು ಈ ಕಡೆ, ನನ್ನದು ಈ ಕಡೆ. ಎಷ್ಟು ದೂರ ಹೋಗಿದೆ ನೋಡು. ಮಂಜ ಬಾತ್‌ರೂಮಲ್ಲಿ ನಲ್ಲಿ ಬಿಟ್ಕೊಂಡು ಅಳ್ತಾನೆ. ರಕ್ತ ಕಮ್ಮಿಗೆ ಯಾರೂ ಅಳಲ್ಲ ಕಣೇ."
ಇದ್ದದ್ದು ಇದ್ದ ಹಾಗೆ ಹೇಳಿಬಿಟ್ಟೆ...
ಸೆರಗಲ್ಲಿ ಕನ್ನಡಕ ಒರೆಸಿದಳು. ತುಂಬಾ ಹೊತ್ತು ಒರೆಸಿದಳು.
"ಆಗಲ್ಲ ಅಂದೋರು ನಾನು ಮೆಟ್ಟಿಲು ಹತ್ತೋದು ನೋಡಿದ್ರಾ?"
"ಇಲ್ಲ."
"ಪೀಸ್ ಬಿಚ್ಚಿ ನೋಡದೆ ರಿಜೆಕ್ಟ್ ಸ್ಟಿಕ್ಕರ್ ಹಾಕಿದ್ರೆ ನೀನು ನನ್ನ ಸುಮ್ನೆ ಬಿಡ್ತಿದ್ಯಾ?"

ಮಾರನೇ ದಿನವೇ ಹೊರಟಳು. ಫೈಲ್ ಅವಳ ಕಂಕುಳಲ್ಲಿ.
ಎರಡನೇ ಆಸ್ಪತ್ರೆಯಲ್ಲಿ ದೊಡ್ಡ ಕೀಮೋ, ತಿಂಗಳುಗಟ್ಟಲೆ ಅಡ್ಮಿಟ್ ಅಂದ್ರು. ಅದರಲ್ಲೇ ಜೀವ ಹೋದರೂ ಹೋಗಬಹುದು ಅಂದ್ರು. ಬೇಡ ಅಂತ ಎದ್ದು ಬಂದಳು.
ಮೂರನೇದು ಸಿಟಿ ಒಳಗೆ. ಚಿಕ್ಕ ವಯಸ್ಸಿನ ಡಾಕ್ಟರಮ್ಮ, ಅವರೂ ಮಂಜು ಮುಖ ನೋಡಿಕೊಂಡೇ ಮಾತು ಶುರು ಮಾಡಿದ್ರು.
"ಡಾಕ್ಟರಮ್ಮ, ಕಾಯಿಲೆ ನನಗೆ. ನನ್ನ ಹತ್ರ ಮಾತಾಡಿ."
ಅವರು ನಕ್ಕರು. ಅಡುಗೆ ಮಾಡ್ತೀರಾ, ಓಡಾಡ್ತೀರಾ ಅಂತ ಅವಳನ್ನೇ ಕೇಳಿದ್ರು.
"ಮೂರನೇ ಫ್ಲೋರು, ಲಿಫ್ಟಿಲ್ಲ. ಮೋಟಾರ್ ಕೆಟ್ಟರೆ ಕೊಡ ನಾನೇ ಹೊರ್ತೀನಿ. ಸೊಸೆಗೆ ಬೆನ್ನು ನೋವು."
ಹಾರ್ಟು, ಕಿಡ್ನಿ ಎಲ್ಲ ಟೆಸ್ಟ್ ಮಾಡಿಸಿದ್ರು. ಆಮೇಲೆ ಬಿಡಿಸಿ ಹೇಳಿದ್ರು... ಪೂರ್ತಿ ವಾಸಿ ಅಂತ ಮಾತು ಕೊಡಲ್ಲ. ಸಣ್ಣ ಕೀಮೋ ಇದೆ, ತಿಂಗಳಿಗೆ ಏಳು ದಿನ ಇಂಜೆಕ್ಷನ್, ಮನೆಗೆ ಹೋಗಿ ಬರಬಹುದು. ಅದು ಕೆಲಸ ಮಾಡಿದರೆ ಬದುಕೋಕೆ ಇನ್ನಷ್ಟು ಟೈಮ್ ಸಿಗುತ್ತೆ.
"ಕೊಡಿ" ಅಂದಳು.

ಸಾವಿತ್ರೀ...
ನಿನಗೆ ರಕ್ತ ಕೊಡೋಕೆ ಗಾರ್ಮೆಂಟ್ಸ್‌ನ ನಮ್ಮ ಹಳೇ ಲೈನಿನ ಒಂಬತ್ತು ಹೆಂಗಸರು ಬಂದ್ರು. ನಿಮಗೇ ರಕ್ತ ಕಮ್ಮಿ ಇದೆ ಅಂತ ಆರು ಜನರನ್ನ ವಾಪಸ್ ಕಳಿಸಿದ್ರು.
"ಆ ಬೀಟ್‌ರೂಟ್ ಇವರಿಗೆ ಕೊಡೇ" ಅಂದೆಯಲ್ಲ, ಡ್ರಿಪ್ ಹಾಕ್ಕೊಂಡೇ... ನರ್ಸ್ ಕೂಡ ನಕ್ಕಿದ್ದರು.
ಮೂರು ತಿಂಗಳು ಕೀಮೋ ಕೆಲಸ ಮಾಡ್ತಿದೆಯೋ ಇಲ್ಲವೋ ಗೊತ್ತಾಗಲಿಲ್ಲ. ಜ್ವರ, ವಾಂತಿ, ಒಂದು ಸಲ ಐಸಿಯು. ನಾನು ಒಳಗೊಳಗೇ ಕೈ ಬಿಟ್ಟಿದ್ದೆ ಕಣೇ, ಈಗ ಹೇಳ್ತೀನಿ.
ನೀನು ಬಿಡಲಿಲ್ಲ.
ನಾಲ್ಕನೇ ತಿಂಗಳ ರಿಪೋರ್ಟ್ ನಿನ್ನ ಕೈಗೆ ಬಂದಾಗ ಆಸ್ಪತ್ರೆ ಗೇಟಲ್ಲೇ ನಿಂತು ಒಂದೊಂದೇ ಸಾಲು ಬೆರಳಿಟ್ಟು ನೋಡಿದೆ.
"ಪಾಸ್" ಅಂದೆ.
ಅಷ್ಟೇ ಅಂದೆ. ಮಂಜು ರೋಡಲ್ಲೇ ಕೂತ್ಬಿಟ್ಟ...

ಅಲ್ಲಿಂದಾಚೆ ಒಂದೂವರೆ ವರ್ಷ.
ಮೆಟ್ರೋದಲ್ಲಿ ಈ ತುದಿಯಿಂದ ಆ ತುದಿಗೆ ನೀನು ಸುಮ್ಮನೆ ಸುತ್ತಿದೆ. ಸೊಸೆ ಜೊತೆ ಮೂರು ಸಲ ಜಗಳ, ನಾಲ್ಕು ಸಲ ರಾಜಿ.
ಇಂಜೆಕ್ಷನ್ ವಾರ್ಡಲ್ಲಿ ಯಾವ ಅಜ್ಜಿ ಸಿಕ್ಕರೂ "ಫೈಲ್ ನಿಮ್ಮ ಕೈಲಿ ಇಟ್ಕೊಳ್ರಮ್ಮ, ಬೇರೆ ಚಿಕಿತ್ಸೆ ಇನ್ನೇನಿದೆ ಅಂತ ಕೇಳ್ರಿ" ಅಂತ ಪಾಠ.
ಎಂಬತ್ತರ ಒಬ್ಬ ತಾತ ನಿನ್ನ ಮಾತು ಕೇಳಿ ಡಾಕ್ಟರ ಹತ್ರ ಪ್ರಶ್ನೆಗಳ ಚೀಟಿ ತಗೊಂಡು ಹೋದರು. ಇವತ್ತು ಫೋನ್ ಮಾಡಿದ್ದರು, ಚೆನ್ನಾಗಿದ್ದಾರೆ.

ಹೋದ ತಿಂಗಳು ಕಾಯಿಲೆ ತಿರುಗಿ ಬಂತು.
ಮುಂದೇನು ಅಂತ ಡಾಕ್ಟರಮ್ಮ ಕೇಳಿದ್ದು ನಿನ್ನನ್ನೇ.
"ಸಾಕು" ಅಂದೆ.
ಇನ್ನೊಂದು ಕಡೆ ತೋರ್ಸೋಣಮ್ಮ ಅಂತ ಮಂಜು ಕೈ ಹಿಡ್ಕೊಂಡ.
"ಶುರು ಮಾಡಿದ್ದು ನಾನು. ನಿಲ್ಸೋದೂ ನಾನೇ ಕಣೋ."

ಸ್ನೇಹಿತರೇ, ಸಂಜೆ ನಾಲ್ಕಕ್ಕೆ ಮನೆಯಿಂದ ಹೊರಡಿಸ್ತಾರೆ. ಬರೋರು ಬನ್ನಿ.
ಕಾಮೆಂಟಲ್ಲಿ ಪಾಪ ಅಂತ ಬರೀಬೇಡಿ. ಅವಳು ಗೆದ್ದೇ ಹೋದಳು.

ಹೋಗಿ ಬಾರೇ ಗೆಳತಿ... ನಿನ್ನ ಜೀವಕ್ಕೆ ತಂಪಾದ ನೆರಳು ಸಿಗಲಿ.

ಪದ್ಮಕ್ಕಾ, ರೇಣುಕಾ, ಎಲ್ಲರೂ...
ಮನೆಯಲ್ಲಿ ಹಿರಿಯರಿಗೆ ಕಾಣದ ಹಾಗೆ ಎತ್ತಿಟ್ಟಿರೋ ರಿಪೋರ್ಟ್ ಇದ್ದರೆ ಇವತ್ತೇ ಅವರ ಕೈಗೆ ಕೊಡಿ.
ಏನಂದ್ರು ಅಂತ ನನಗೆ ಬೇಗ ಬರೀರಿ.