ಮಾಳಿಗೆಯ ಮೇಲೆ ನಡೆದವನು

ಹೇಳಬೇಕಾದ ಒಂದು ಮಾತನ್ನು ಹದಿನಾರು ವರ್ಷ ಹೇಳದೆ ಕುಳಿತವನು ನಾನು. ನಮ್ಮ ಮನೆಯ ಮಾಳಿಗೆಯ ಮೇಲೆ ಮಧ್ಯಾಹ್ನ ಹೆಜ್ಜೆ ಹಾಕುತ್ತಿದ್ದದ್ದು ದೆವ್ವವಲ್ಲ, ನಾನು. ಐದನೆಯ ತರಗತಿಗೇ ಶಾಲೆ ಬಿಟ್ಟವನಾದರೂ ಇಷ್ಟನ್ನು ಹೇಳಲು ನನ್ನ ವಿದ್ಯೆ ಸಾಕಾಗಿತ್ತು.

ರಾವೂರಿನ ನಮ್ಮ ಮನೆಗೆ ಹೊದಿಸಿದ್ದು ಆ ಕಡೆಯ ಮನೆಗಳಿಗೆಲ್ಲ ಇರುವಂತೆ ಫರ್ಸಿ, ಎಂದರೆ ಶಹಾಬಾದಿನ ಕಲ್ಲಿನ ಚಪ್ಪಡಿ. ತೊಂಬತ್ತರ ದಶಕದ ಮೊದಲಲ್ಲಿ ಅಪ್ಪ ನನ್ನನ್ನು ಕಲ್ಲಿನ ಗಣಿಗೆ ಕೆಲಸಕ್ಕೆ ಹಚ್ಚಿದ್ದ. ಬೇಸಿಗೆಯ ಬಿಸಿಲು ನೆತ್ತಿಗೇರಿದಾಗ ಅಲ್ಲಿಂದ ತಪ್ಪಿಸಿಕೊಂಡು ಬಂದು, ಹಿತ್ತಲ ಬೇವಿನ ಮರದಿಂದ ಮಾಳಿಗೆಗೆ ಇಳಿದು, ಅವ್ವ ಒಣಹಾಕಿದ ಕುರಡಿಗೆ ಎಂಬ ಸಂಡಿಗೆಯನ್ನು ತಿನ್ನುತ್ತಿದ್ದೆ. ಗೋಧಿ ಹಾಲಿನ ಕುರಡಿಗೆ ಪೂರ್ತಿ ಒಣಗುವ ಮುಂಚೆ ಎಷ್ಟು ರುಚಿಯೆಂಬುದು ನಿಮಗೆ ಗೊತ್ತಿದ್ದರೆ ನನ್ನ ಅಪರಾಧವನ್ನು ಅರ್ಧವಾದರೂ ಮನ್ನಿಸುತ್ತೀರಿ. ಅಪ್ಪ, ಅವ್ವ ಹೊಲದಲ್ಲಿರುತ್ತಿದ್ದರು. ಕೆಳಗೆ, ಮುಂಜಾನೆಯ ಶಾಲೆ ಮುಗಿಸಿ ಬಂದು ಒಬ್ಬಳೇ ಓದುತ್ತ ಕೂತಿರುತ್ತಿದ್ದವಳು ನನ್ನ ತಂಗಿ ಮಹಾದೇವಿ.

ಕುರಡಿಗೆ ಕಡಿಮೆಯಾದದ್ದಕ್ಕೆ ಅವ್ವ ಕಾಗೆಗಳನ್ನು ಬೈದಳು. ಆದರೆ ಹೆಜ್ಜೆ ಸಪ್ಪಳದ ಹೊಣೆಯನ್ನು ಯಾವ ಕಾಗೆಯೂ ಹೊರುವಂತಿರಲಿಲ್ಲ. ತಂಗಿಯೊಬ್ಬಳಿಗೇ ಕೇಳಿಸುತ್ತದೆ, ಹತ್ತಿ ನೋಡಿದರೆ ಯಾರೂ ಇಲ್ಲ. ಹುಡುಗಿಗೆ ಏನೋ ಬಡಿದಿದೆ ಎಂದು ಕೊರಳಿಗೆ ತಾಯತ ಬಂತು. ಜೂನಿನಲ್ಲಿ ಏಳನೆಯ ತರಗತಿಗೆ ಹೋಗಬೇಕಾದವಳನ್ನು ಶಾಲೆ ಬಿಡಿಸಿ ಒಂದು ವರ್ಷ ಸೇಡಮಿನ ಸೋದರತ್ತೆಯ ಮನೆಯಲ್ಲಿಟ್ಟರು. ಮುಂದೆ ಸಂಬಂಧ ಬರುವಾಗ ತೊಡಕಾಗಬಾರದಲ್ಲ, ಅತ್ತೆಯ ಬಾಣಂತನಕ್ಕೆ ಹೋಗಿದ್ದಾಳೆ ಎಂದು ಮನೆಮಂದಿಯೆಲ್ಲ ಒಂದೇ ಬಾಯಲ್ಲಿ ಹೇಳಿದೆವು. ಮೊದಲ ದಿನ ಒಪ್ಪಿಕೊಂಡಿದ್ದರೆ ಅಪ್ಪನ ಎರಡು ಏಟಿಗೆ ಮುಗಿಯುತ್ತಿತ್ತು. ತಾಯತ ಬಂದ ಮೇಲೆ ನಾಲ್ಕಾದಾವು ಎನಿಸಿತು. ಶಾಲೆ ಬಿಡಿಸಿದ ಮೇಲೆ ಎಷ್ಟೆಂದು ಅಂದಾಜೇ ಸಿಗದೆ ಸುಮ್ಮನಾದೆ.

ಮಹಾದೇವಿ ಹೇಗೋ ಮತ್ತೆ ಓದಿದಳು, ಚಿತ್ತಾಪುರದಲ್ಲಿ ಶಿಕ್ಷಕಿಯಾದಳು. ಎರಡು ಸಾವಿರದ ಇಸವಿ ದಾಟಿದ ಕೆಲವು ವರ್ಷಗಳಿಗೆ ಒಂದು ಕಾದಂಬರಿಯನ್ನೂ ಬರೆದಳು. ಮನೆತನ ಮುಚ್ಚಿಟ್ಟ ಗುಟ್ಟನ್ನು ಹೇಳಲೆಂದು ಸತ್ತ ಅಜ್ಜಿಯೊಬ್ಬಳು ನಡುಮಧ್ಯಾಹ್ನ ಮಾಳಿಗೆಯ ಮೇಲೆ ತಿರುಗುವ ಕಥೆ. ಆ ಅಜ್ಜಿಯ ಪಾತ್ರಕ್ಕೆ ಮೂಲ ಯಾರೆಂದು ಬಲ್ಲವನು ನಾನೊಬ್ಬನೇ. ಹೊಸ ಲೇಖಕಿಯ ಪುಸ್ತಕ ತಾನಾಗಿ ನಡೆದು ಹೋಗಲಾರದು. ರವಿವಾರ ಬಂತೆಂದರೆ ಊರೂರಿನ ಓದುಗರ ಸಭೆಗೆ ಹೊರಡುತ್ತಿದ್ದೆವು: ನನ್ನ ಮೋಟರ್‌ಸೈಕಲ್ಲಿನ ಹಿಂದೆ ಅವಳು, ಮುಂದೆ ಪೆಟ್ರೋಲ್ ಟ್ಯಾಂಕಿನ ಮೇಲೆ ಪುಸ್ತಕದ ಗಂಟು.

ವಾಡಿಯಲ್ಲಿ ಸಭೆ ಸೇರಿದ್ದು ಸ್ಟೇಷನ್ ಪಕ್ಕದ ಕೋಣೆಯಲ್ಲಿ. ತಂಗಿಯ ಓದಿನಲ್ಲಿ ಅಜ್ಜಿ ಒಂದು ಹೆಜ್ಜೆ ಇಟ್ಟರೆ ಹೊರಗೆ ಒಂದು ಗೂಡ್ಸ್ ಗಾಡಿ ಬರುತ್ತಿತ್ತು. ಗಾಡಿ ದಾಟುವವರೆಗೆ ದೆವ್ವ ಕಾಲೆತ್ತಿಕೊಂಡೇ ನಿಲ್ಲಬೇಕಾಯಿತು. ಶಹಾಬಾದಿನಲ್ಲಿ ಕೂತವರೆಲ್ಲ ಕಲ್ಲಿನ ಕಸುಬಿನವರು. ಒಬ್ಬ ಹಿರಿಯರು ಎದ್ದು, ತುಂಬ ಗಂಭೀರವಾಗಿ, “ಫರ್ಸಿ ಎಷ್ಟು ದಪ್ಪ ಇತ್ರಿ ಮೇಡಂ? ನಾಕಿಂಚಿಂದಾದ್ರ ದೆವ್ವ ಕುಣದ್ರೂ ಸಪ್ಪಳ ಬರಂಗಿಲ್ಲ” ಎಂದರು. ತಂಗಿ ತಡವರಿಸಿದಳು. ಬಾಗಿಲ ಬಳಿ ನಿಂತಿದ್ದ ನಾನು, ಕಸುಬಿನ ಚಟ ನೋಡಿ, “ಎರಡಿಂಚಿಂದ್ರಿ, ನಡುವಿನ ಕಲ್ಲು ಅಳ್ಳಾಡತಿತ್ತು” ಅಂದುಬಿಟ್ಟೆ. ಸಭೆಯೆಲ್ಲ ನನ್ನತ್ತ ತಿರುಗಿತು. ನಾನು ಪುಸ್ತಕದ ಗಂಟನ್ನು ಬಿಚ್ಚಿ ಮತ್ತೆ ಕಟ್ಟಿದೆ.

ಅಂದೇ ಹೇಳಬಹುದಿತ್ತು. ಆದರೆ ಪುಸ್ತಕದ ಬೆನ್ನಿಗೆ ‘ಲೇಖಕಿ ತಾವೇ ಕೇಳಿದ ಹೆಜ್ಜೆಗಳ ಕಥೆ’ ಎಂದು ಅಚ್ಚಾಗಿತ್ತು. ನಾನು ಬಾಯಿ ಬಿಟ್ಟರೆ ಅವಳ ಕಥೆಯೇ ಕುಸಿದೀತು ಎಂದುಕೊಂಡೆ. ಹೇಡಿತನಕ್ಕೆ ಸಾಹಿತ್ಯಸೇವೆಯೆಂಬ ಹೆಸರಿಟ್ಟು ನೆಮ್ಮದಿಯಾಗಿದ್ದೆ ಎನ್ನಿ.

ಕೊನೆಯ ಸಭೆ ಚಿಂಚೋಳಿಗೆ ಅಂಟಿಕೊಂಡ ಚಂದಾಪುರದಲ್ಲಿ. ಎಲ್ಲ ಮುಗಿದ ಮೇಲೆ ಒಬ್ಬ ಮುದುಕಿ ತಂಗಿಯ ಕೈಹಿಡಿದು ಮೆಲ್ಲಗೆ ಕೇಳಿದಳು: “ಈಗೂ ಕೇಳಸ್ತದೇನವ್ವ ನಿನಗ?”

“ಇಲ್ಲಬೇ. ಆದ್ರ ಫರ್ಸಿ ಮನ್ಯಾಗ ನಾ ಒಬ್ಬಾಕೀನೇ ಇರಂಗಿಲ್ಲ. ಮತ್ತ ಕೇಳಸಿದ್ರ ಹೆಂಗ ಅಂತ ಅಂಜಿಕಿ.”

ನಗುತ್ತಲೇ ಹೇಳಿದಳು. ಆದರೆ ನನಗೆ ಅವಳ ನಗು ಗೊತ್ತು. ಅವಳು ಅಂಜುತ್ತಿದ್ದದ್ದು ದೆವ್ವಕ್ಕಲ್ಲ, ತನ್ನ ತಲೆಗೆ.

ಹಿಂದಿರುಗುವಾಗ ಸುಲೇಪೇಟದ ಹೋಟೆಲಿನಲ್ಲಿ ಚಹಾಕ್ಕೆ ನಿಂತೆವು. ಎದುರಿಗಿದ್ದ ಮಿರ್ಚಿ ಭಜಿಯನ್ನೇ ನೋಡುತ್ತ, ಬೇವಿನ ಮರದಿಂದ ಶುರುಮಾಡಿ ಕುರಡಿಗೆಯವರೆಗೆ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ. ತಲೆಯೆತ್ತಿದಾಗ ಅವಳು ಚಹಾದ ಬಸಿಯನ್ನು ಕುಡಿಯದೆ ಮೇಜಿನ ಮೇಲಿಟ್ಟಿದ್ದಳು.

“ಖರೇ ಹೇಳಾಕತ್ತೀ, ಅಣ್ಣಾ?”

“ಖರೇ.”

“ಹಂಗಂದ್ರ ನನ್ನ ತಲಿ ಕೆಟ್ಟಿರ್ಲಿಲ್ಲ” ಎಂದಳು, ನನಗಲ್ಲ, ತನಗೇ. ಬೈದಾಳೆಂದು ಹೆಗಲು ಕುಗ್ಗಿಸಿ ಕೂತಿದ್ದೆ. ಅವಳು ದೊಡ್ಡದೊಂದು ಉಸಿರು ಬಿಟ್ಟು, ಸೆರಗಿನಿಂದ ಕಣ್ಣೊರೆಸಿಕೊಂಡು, ನನ್ನ ಪಾಲಿನ ಭಜಿಯನ್ನೂ ತಿಂದಳು. ಪುಸ್ತಕದ ಗತಿಯೇನು ಎಂದು ಕೇಳಿದೆ. “ಅಜ್ಜಿ ಪುಸ್ತಕದಾಗ ಇರ್ಲಿ ಬಿಡು. ನಿನ್ನ ಹಾಕಿದ್ರ ಯಾರು ಓದ್ತಾರ?” ಎಂದು ನಕ್ಕಳು. ನನ್ನ ಎದೆಯೂ ಹಗುರಾಯಿತು. ಅಷ್ಟಕ್ಕೇ ಎದ್ದು ಗಾಡಿ ಹತ್ತಬಹುದಿತ್ತು, ಆದರೆ ಅವಳು ಏಳಲಿಲ್ಲ.

“ಸಾಲಿ ಬಿಡಸಿದಾಗರೆ ಹೇಳಬೇಕಿತ್ತಲ್ಲ?” ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ.

ನಾನು ಭಜಿಯ ಖಾಲಿ ತಟ್ಟೆಯನ್ನು ಪಕ್ಕಕ್ಕೆ ಸರಿಸಿ ಅವಳ ಮುಖ ನೋಡಿದೆ.

“ಹೇಳಬೇಕಿತ್ತು. ನಿನ್ನ ಒಂದು ವರ್ಷ ನಾ ಹಾಳಮಾಡಿದೆ. ತಪ್ಪಾತು, ಮಾದೇವಿ.”