ಕಾಲಿದ್ದ ನಾಗಪ್ಪನ ಕಾಸು

ಕೊಳ್ಳೇಗಾಲದ ಅಂಗಡಿ ಬೀದಿಯಲ್ಲಿ ಸಿದ್ದಾಚಾರಿಯ ಒರೆಗಲ್ಲಿಗೆ ಇಪ್ಪತ್ತು ವರ್ಷಗಳಿಂದ ಎದುರುಮಾತು ಇರಲಿಲ್ಲ. ಯಾರ ಮನೆಯ ಚಿನ್ನವೇ ಬರಲಿ, ಕಲ್ಲಿನ ಮೇಲೆ ಅದರದೊಂದು ಗೆರೆ ಎಳೆದು, ಪಕ್ಕದಲ್ಲಿ ಮಟ್ಟ ಗೊತ್ತಿರುವ ಕಡ್ಡಿಯಿಂದ ಇನ್ನೊಂದು ಗೆರೆ ಎಳೆದು, ಕಣ್ಣು ಕಿರಿದು ಮಾಡಿ ನೋಡಿ ಅವನು ಹೇಳಿದ್ದೇ ಮಾತು. ಕೈಕೆಲಸವೂ ಅಂಥದ್ದೇ. ಆದರೆ ಮನುಷ್ಯನ ಹೊಟ್ಟೆ ಮಾತ್ರ ಬಹಳ ಸಣ್ಣದು. ಪಕ್ಕದ ಮನೆಯ ಹಸು ಒಂದು ಪಾವು ಹಾಲು ಹೆಚ್ಚು ಕರೆದರೆ ಅವತ್ತು ಅವನಿಗೆ ಊಟ ಸೇರುತ್ತಿರಲಿಲ್ಲ.

ಅಂಥವನ ಅಂಗಡಿಯ ಎದುರಿಗೇ ರಂಗನಾಯಕ ಬಂದು ಗಡಿಯಾರ ರಿಪೇರಿಯ ಪೆಟ್ಟಿಗೆ ಇಟ್ಟ. ಹನೂರಿನಾಚೆಯ ರಾಮಾಪುರದವನು. ಹುಡುಗನಾಗಿದ್ದಾಗಲೇ ರಂಗೂನಿಗೆ ಹೋಗಿ, ಅಲ್ಲೊಬ್ಬ ಚೀನಾದವನ ಹಣ ಬದಲಿಸುವ ಅಂಗಡಿಯಲ್ಲಿ ಎಂಟು ವರ್ಷ ದುಡಿದು, ಜಪಾನಿನವರು ಬಾಂಬು ಹಾಕಿದ ಮೇಲೆ ಕಾಡು ಬೆಟ್ಟ ನಡೆದು ಜೀವ ಉಳಿಸಿಕೊಂಡು ಬಂದಿದ್ದ. ಹಾಗೆ ಬಂದವರು, ಸೈನ್ಯ ಬಿಟ್ಟು ಬಂದವರು ಸೊಂಟಕ್ಕೆ ಕಟ್ಟಿಕೊಂಡು ತಂದ ಚೀನಾ ಕಾಸು, ಪದಕ ಸುತ್ತಮುತ್ತಲ ಹಳ್ಳಿಗಳಲ್ಲಿ ಒಂದೊಂದು ಇದ್ದವು. ಅವುಗಳಲ್ಲಿ ಮುಕ್ಕಾಲು ಪಾಲು ಮೋಸದವು.

ಮಧುವನಹಳ್ಳಿಯ ಸಿಪಾಯಿಯೊಬ್ಬ ಒಂದು ಪದಕ ತಂದಾಗ ಸಿದ್ದಾಚಾರಿ ಒರೆ ಹಚ್ಚಿ, ಒಳ್ಳೆಯ ಚಿನ್ನ ಎಂದ. ಸಿಪಾಯಿ ಯಾಕೋ ಎದುರಂಗಡಿಗೂ ಹೋದ. ರಂಗನಾಯಕ ಅದನ್ನು ದಾರದಲ್ಲಿ ಕಟ್ಟಿ, ನೀರಿನೊಳಗೆ ಇಳಿಬಿಟ್ಟು ತೂಗಿ, "ಮೇಲ್ಮೇಲೆ ಚಿನ್ನ ಕಣಣ್ಣ, ಒಳಗೆಲ್ಲ ತಾಮ್ರ" ಎಂದ. ಉಳಿಯಲ್ಲಿ ಕತ್ತರಿಸಿದರೆ ಒಳಗೆ ಕೆಂಪಗಿತ್ತು. ಬೀದಿಯವರೆಲ್ಲ ಬಂದು ನೋಡಿಕೊಂಡು ಹೋದರು.

ಅವತ್ತಿನಿಂದ ಸಿದ್ದಾಚಾರಿಗೆ ನೆಮ್ಮದಿ ಹೋಯಿತು. ಎದುರು ಅಂಗಡಿ ಕಣ್ಣಿಗೆ ಬೀಳದಿರಲಿ ಎಂದು ಕೂರುವ ಮಣೆಯನ್ನು ಗೋಡೆಯ ಕಡೆ ತಿರುಗಿಸಿ ಹಾಕಿಕೊಂಡ. ಆಮೇಲೆ ಅಲ್ಲಿಗೆ ಯಾರು ಬಂದರು, ಯಾರು ಹೋದರು ಎಂದು ದಿನವಿಡೀ ಕತ್ತು ತಿರುಗಿಸಿ ನೋಡುವುದೇ ಕೆಲಸವಾಯಿತು. ಸಂಜೆ ಹೆಂಡತಿ ಕಾಳಮ್ಮ ಕತ್ತಿಗೆ ಎಣ್ಣೆ ನೀವುತ್ತಾ, "ಇದು ಕತ್ತುನೋವಲ್ಲ, ಒಟ್ಟೆನೋವು. ಮಣೆ ಅತ್ತಗೆ ತಿರುಗುಸ್ಕೊಂಡು ನೆಟ್ಟಗೆ ನೋಡಿ, ಎಣ್ಣೆನಾರ ಉಳೀತದೆ" ಎಂದಳು.

ದೇಶಕ್ಕೆ ಸ್ವಾತಂತ್ರ್ಯ ಬಂದ ಮರುವರ್ಷ, ಯಳಂದೂರು ಕಡೆಯ ಹೊನ್ನೂರಿನಿಂದ ಚನ್ನಾಜಮ್ಮ ಕಮಾನು ಗಾಡಿ ಕಟ್ಟಿಸಿಕೊಂಡು ಬಂದಳು. ಗದ್ದೆ, ತೋಟ ಇದ್ದ ಮನೆಯ ಹೆಂಗಸು; ಗಂಡ ತೀರಿಕೊಂಡಿದ್ದ. ಸಿದ್ದಾಚಾರಿ ಅವರ ಮನೆಯ ಹಳೆಯ ಆಚಾರಿ. ಅವಳು ಸೆರಗಿನ ಗಂಟು ಬಿಚ್ಚಿ, ಅರಿಶಿನ ಕುಂಕುಮ ಮೆತ್ತಿದ್ದ ಒಂದು ಚಿನ್ನದ ಕಾಸನ್ನು ಅವನ ಮುಂದಿಟ್ಟಳು.

"ನಮ್ಮ ನಾಗಪ್ಪನ ಕಾಸು ಆಚಾರ್ರೇ. ಮಗಳು ಪುಟ್ಟಮಲ್ಲಿನ ಮೈಸೂರ್ನಲ್ಲಿ ಕಾಲೇಜಿಗೆ ಸೇರುಸ್ಬೇಕು. ಸೀರೆ ವ್ಯಾಪಾರಕ್ಕೆ ಬರೋ ಮದರಾಸಿನ ಮೊದಲಿಯಾರ್ರು ಇಂಥವನ್ನ ಕೂಡಿಡ್ತಾರಂತೆ. ಅಸಲಿ ಆದ್ರೆ ಚಿನ್ನದ ಬೆಲೆಗೆ ಇಪ್ಪತ್ತರಷ್ಟು ಕೊಡ್ತಾರಂತೆ. ಒಸಿ ನೋಡ್ಕೊಡಿ."

ಸಿದ್ದಾಚಾರಿ ಕಾಸಿಗೆ ಕೂಡಲೇ ಕೈ ಹಾಕಲಿಲ್ಲ. ಆ ಕಾಸಿನ ಸಂಗತಿ ಗೊತ್ತಿದ್ದವನು ಬದುಕಿದ್ದವರಲ್ಲಿ ಅವನೊಬ್ಬನೇ.

ಅದರ ಮೇಲಿದ್ದದ್ದು ಚೀನಾದವರ ಸುರುಳಿ ಸುತ್ತಿದ ಡ್ರ್ಯಾಗನ್. ಚನ್ನಾಜಮ್ಮನ ಮಾವ ಗುರುಮಲ್ಲಪ್ಪನವರು ಅದನ್ನು ನಾಗಪ್ಪನೆಂದೇ ನಂಬಿ ದೇವರ ಗೂಡಿನಲ್ಲಿಟ್ಟು ಹಾಲೆರೆಯುತ್ತಿದ್ದರು. ನಾಗಪ್ಪನಿಗೆ ಕಾಲು ಯಾಕೆ ಎಂದು ಕೇಳಿದವರಿಗೆ, ಪರದೇಶದಿಂದ ನಡೆದು ಬರಬೇಕಿತ್ತಲ್ಲ ಎನ್ನುತ್ತಿದ್ದರು. ಇಪ್ಪತ್ತಾರು ವರ್ಷಗಳ ಹಿಂದೆ ಇಬ್ಬರು ಗಂಡುಮಕ್ಕಳು ಪಾಲಾಗುವಾಗ ಹೊಲ, ಗದ್ದೆ ಸುಲಭವಾಗಿ ಬಗೆಹರಿದವು. ನಾಗಪ್ಪ ಬಗೆಹರಿಯಲಿಲ್ಲ, ಇಬ್ಬರಿಗೂ ಬೇಕು. ಕೊನೆಗೆ ಮುದುಕರು ಗುಟ್ಟಾಗಿ ಹರೆಯದ ಸಿದ್ದಾಚಾರಿಯನ್ನು ಕರೆಸಿ, ಅದೇ ಮಟ್ಟದ ಚಿನ್ನ ಕೊಟ್ಟು, ಅದೇ ತೂಕಕ್ಕೆ ಇನ್ನೊಂದು ಮಾಡಿಸಿದರು. ನುಣ್ಣನೆಯ ಮಣ್ಣಿನಲ್ಲಿ ಅಚ್ಚು ತೆಗೆದು, ಎರಕ ಹೊಯ್ದು, ಮೈಮೇಲಿನ ಮೀನಿನಂಥ ಹುರುಪೆಗಳನ್ನು ಒಂದೊಂದಾಗಿ ಕೊರೆಯಲು ಅವನಿಗೆ ಹದಿನೆಂಟು ದಿನ ಹಿಡಿಯಿತು. ಇವು ಮೊದಲಿನಿಂದಲೂ ಜೋಡಿ, ಒಂದನ್ನು ಒಳಗಿಟ್ಟಿದ್ದೆ ಎಂದು ಹೇಳಿ, ಎರಡನ್ನೂ ಒಂದೇ ಬಟ್ಟಲಿಗೆ ಹಾಕಿ ಮಕ್ಕಳಿಗೆ ಎತ್ತಿಕೊಳ್ಳಲು ಹೇಳಿದಾಗ ಮುದುಕರಿಗೇ ಗುರುತು ಸಿಗಲಿಲ್ಲ. "ಸಾಯೋಗಂಟ ಬಾಯಿ ಬುಡಬ್ಯಾಡ" ಎಂದು ಒರೆಗಲ್ಲು ಮುಟ್ಟಿಸಿ ಆಣೆ ಮಾಡಿಸಿದ್ದರು.

ಸಿದ್ದಾಚಾರಿ ಕಾಸನ್ನು ಒರೆಸಿ ಬಾಲದ ಕಡೆ ನೋಡಿದ. ಇನ್ನೊಬ್ಬರ ಕೆಲಸವನ್ನು ನಕಲು ಮಾಡಿದರೆ ಅದರಲ್ಲೊಂದು ತಪ್ಪು ಬಿಡಬೇಕು, ಇಲ್ಲದಿದ್ದರೆ ಅದು ಕಳ್ಳತನ ಎಂಬುದು ಅವನ ಅಪ್ಪ ಕಲಿಸಿದ ಕಟ್ಟಳೆ. ಬಾಲದ ಕೊನೆಯ ಸುರುಳಿಯೊಳಗೆ ಒಂದೇ ಒಂದು ಹುರುಪೆ ಹಿಂದುಮುಂದಾಗಿತ್ತು. ಇದು ಅವನು ಮಾಡಿದ ಕಾಸೇ.

ನಿಜ ಹೇಳಿದರೆ ಆಣೆ ಮುರಿಯುತ್ತದೆ. ಬರೀ ಚಿನ್ನ ಒಳ್ಳೆಯದು, ಕಾಸಿನ ವಿಚಾರ ಗೊತ್ತಿಲ್ಲ ಎಂದಿದ್ದರೆ ಆಣೆಯೂ ಉಳಿಯುತ್ತಿತ್ತು, ಮಾನವೂ ಉಳಿಯುತ್ತಿತ್ತು. ಆದರೆ ಅವನ ಕಣ್ಣು ಎದುರಂಗಡಿಗೆ ಹೋಯಿತು. ಇದು ನೀರಿನಲ್ಲಿ ತೂಗಿದರೂ ಚಿನ್ನವೇ. ಆ ರಂಗೂನಿನ ಕಣ್ಣು ಇದನ್ನು ಅಸಲಿ ಎಂದುಬಿಟ್ಟರೆ, ಸಾಯುವ ತನಕ ತಾನು ಅವನನ್ನು ನೋಡಿ ಒಳಗೊಳಗೇ ನಗುತ್ತಾ ಕೂತಿರಬಹುದು.

"ಅಸಲಿ ಕಣವ್ವ. ನನ್ನ ಮಾತು ತಪ್ಪಾದ್ರೆ ಈ ಒರೆಗಲ್ಲ ಓಗಿ ಕಾವೇರಿಗೆ ಎಸ್ದುಬುಡ್ತೀನಿ. ನಡೀ, ಅವನೂ ನೋಡ್ಲಿ" ಎಂದು ತಾನೇ ಎದ್ದು ಮುಂದೆ ನಡೆದ.

ಎದುರಂಗಡಿಯಲ್ಲಿ ಮೊದಲಿಯಾರರು ಆಗಲೇ ಬಂದು ಕೂತಿದ್ದರು. ಆಚಾರಿಯೇ ಬೀದಿ ದಾಟಿದ್ದು ನೋಡಿ ನಾಲ್ಕು ಜನ ಸೇರಿದರು. ರಂಗನಾಯಕ ಕಾಸನ್ನು ನೀರಿನಲ್ಲಿ ತೂಗಿದ. ಬೆರಳ ತುದಿಯಲ್ಲಿಟ್ಟು ತಟ್ಟಿ ನಾದ ಕೇಳಿದ. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಅಂಚನ್ನು ಸುತ್ತಲೂ ನೋಡಿದ. ಒಂದು ಸಣ್ಣ ಪುಸ್ತಕದಲ್ಲಿ ಬರೆದಿಟ್ಟುಕೊಂಡಿದ್ದ ಅಳತೆಗೆ ಹಿಡಿದು ನೋಡಿ, ಪುಸ್ತಕ ಮುಚ್ಚಿದ.

"ಚಿನ್ನ ಅಪ್ಪಟ. ಆಚಾರ್ರ ಒರೆ ತಪ್ಪಿಲ್ಲ" ಎಂದ. "ಆದ್ರೆ ಕಾಸು ಅಸಲಿ ಅಲ್ಲ ಅವ್ವಾರೇ. ಟಂಕಸಾಲೇಲಿ ಅಚ್ಚು ಒಡ್ದಿರೋದಲ್ಲ, ಎರಕ ಒಯ್ದಿರೋದು. ಎರಕ ಆರ್ದಾಗ ಒಂದು ಕೂದ್ಲೆಳೆ ಕುಗ್ತದೆ. ತೂಕ ಸರಿ ಮಾಡೋಕೆ ಒಂದೆಳೆ ದಪ್ಪ ಬುಟ್ಟವ್ರೆ. ಅಂಚಿನ ಗೆರೆ ಅರದಲ್ಲಿ ಎಳ್ದವ್ರೆ."

ಚನ್ನಾಜಮ್ಮನ ಮುಖ ಇಳಿದುಹೋಯಿತು. ಸಿದ್ದಾಚಾರಿಗೆ ಮೈಯೆಲ್ಲ ಉರಿದುಹೋಯಿತು. "ಇಪ್ಪತ್ತಾರು ವರ್ಷ ಪೂಜೆ ಆಗಿರೋ ಕಾಸು ಕಣ್ಲಾ. ಗಡಿಯಾರ ಬಿಚ್ಚೋನು ನೀನು, ನಿಂಗೇನ್ ಗೊತ್ತು" ಎಂದು ರೇಗಿದ.

ರಂಗನಾಯಕ ಜಗಳಕ್ಕೆ ಬರಲಿಲ್ಲ. ಕಾಸನ್ನು ಇನ್ನೊಮ್ಮೆ ಬೆಳಕಿಗೆ ಹಿಡಿದ. "ನಕಲಿ ದಿಟ ಆಚಾರ್ರೇ. ಆದ್ರೂ ಕೈ ಮುಗೀಬೇಕು. ರಂಗೂನ್ನಲ್ಲಿ ನೂರಾರು ನಕಲಿ ನೋಡಿವ್ನಿ, ಇಂಥ ಕೈ ನೋಡಿಲ್ಲ. ಅಸಲಿಗಿಂತ ಇದ್ರಲ್ಲೇ ಜೀವ ಅದೆ."

ಇಂಥ ಮಾತನ್ನು ಯಾರಾದರೂ ಹೇಳಲಿ ಎಂದು ಸಿದ್ದಾಚಾರಿ ಜನ್ಮವಿಡೀ ಕಾದಿದ್ದ.

ಮೊದಲಿಯಾರರು ಕಾಸು ಈಸಿಕೊಂಡು ನೋಡಿ ತಲೆದೂಗಿದರು. "ಆಮಾ, ಎಂಥಾ ಕೆಲಸ. ಇದು ನಮ್ಮ ತಂಜಾವೂರಿನವರ ಕೈಯೇ. ಈ ಕಡೆಯವರಿಗೆ ಇದು ಬರೋದಿಲ್ಲ." ಸುತ್ತ ನಿಂತವರೂ ಇರಬಹುದು, ಇರಬಹುದು ಎಂದರು.

ಅಷ್ಟು ಹೊತ್ತು ರಂಗನಾಯಕನ ಮೇಲಿದ್ದ ಹೊಟ್ಟೆಕಿಚ್ಚು ಹುಟ್ಟದೇ ಇದ್ದ ತಂಜಾವೂರಿನವನ ಮೇಲೆ ತಿರುಗಿತು. ಸಿದ್ದಾಚಾರಿಗೆ ಆಣೆಯೂ ನೆನಪಾಗಲಿಲ್ಲ, ಈಗ ತಾನೇ ಆಡಿದ ಮಾತೂ ನೆನಪಾಗಲಿಲ್ಲ.

"ತಂಜಾವೂರಲ್ಲ, ಗಿಂಜಾವೂರಲ್ಲ. ಅದು ನನ್ನ ಕೈ" ಎಂದ.

ಜನ ಮುಸಿಮುಸಿ ನಕ್ಕರು. ಒಬ್ಬ, "ಈಗ್ತಾನೇ ಅಸಲಿ ಅಂದ್ರಲ್ಲ ಆಚಾರ್ರೇ" ಎಂದ. ನಗು ಕೇಳಿ ಸಿದ್ದಾಚಾರಿ ಇನ್ನೂ ಕೆರಳಿದ. ಭೂತಗನ್ನಡಿ ಕಿತ್ತುಕೊಂಡು ಮೊದಲಿಯಾರರ ಕಣ್ಣಿಗೆ ಹಿಡಿದು, "ಬಾಲದ ಒಳಗಡೆ ನೋಡಿ. ಒಂದು ಉರುಪೆ ತಿರುಗಾಮುರುಗಾ ಅದೆ. ಅದು ನಾ ಬುಟ್ಟ ತಪ್ಪು. ಅಸಲೀಲಿ ಅದಿಲ್ಲ" ಎಂದ. ಮೊದಲಿಯಾರರು ನೋಡಿದರು. ರಂಗನಾಯಕ ನೋಡಿದ, ಅವನಿಗೂ ಅದು ಮೊದಲು ಕಂಡಿರಲಿಲ್ಲ. ನಗು ನಿಂತಿತು. ಆ ಒಂದು ಗಳಿಗೆ ಸಿದ್ದಾಚಾರಿ ನಿಜವಾಗಿಯೂ ಸುಖಪಟ್ಟ.

ಚನ್ನಾಜಮ್ಮ ಮೆಲ್ಲಗೆ ಕೇಳಿದಳು. "ಅಂಗಾರೆ ಅಸಲಿ ನಮ್ಮ ಮೈದುನನ ಪಾಲಿಗೆ ಬಂದಿತ್ತಾ?"

"ಊಂ ಕಣವ್ವ."

"ಅವನು ಯುದ್ಧದ ಕಾಲದಲ್ಲಿ ಮಗಳ ಮದ್ವೆಗೆ ಅದ್ನ ಕರಗುಸಿ ಬಳೆ ಮಾಡುಸ್ದ. ನಿಮ್ಮತ್ರಾನೇ ಅಲ್ವಾ? ನೋಡುತ್ಲೇ ಗೊತ್ತಾಗಿರ್ಬೇಕು ನಿಮ್ಗೆ."

ಸಿದ್ದಾಚಾರಿಗೆ ಗೊತ್ತಾಗಿತ್ತು. ಬಾಲದ ಹುರುಪೆ ನೆಟ್ಟಗಿದ್ದದ್ದನ್ನು ನೋಡಿಯೇ ಮೂಸೆಗೆ ಹಾಕಿದ್ದ. ಕರಗಿಸಬೇಡಿ ಎಂದು ಒಂದು ಮಾತು ಹೇಳಬಹುದಿತ್ತು. ಅದಕ್ಕೆ ಯಾವ ಆಣೆಯೂ ಅಡ್ಡ ಇರಲಿಲ್ಲ. ಚೀನಾದವನ ಕೆಲಸ ಕರಗಿ ಮುದ್ದೆಯಾದಾಗ, ಇನ್ನು ಉಳಿದದ್ದು ನನ್ನದೊಂದೇ ಎಂದು ಅವತ್ತು ಎರಡು ತುತ್ತು ಹೆಚ್ಚೇ ಉಂಡಿದ್ದ. ಈಗ ತಲೆ ತಗ್ಗಿಸಿ ನಿಂತ ರೀತಿಯಲ್ಲೇ ಎಲ್ಲರಿಗೂ ಅದು ತಿಳಿಯಿತು.

ಚನ್ನಾಜಮ್ಮ ಬೈಯಲಿಲ್ಲ. "ನಮ್ಮ ಮಾವ ನಿಮ್ಮ ಒರೆಗಲ್ಲು ಮುಟ್ಟಿದ್ರೆ ದೇವ್ರ ಮುಟ್ಟಿದಂಗೆ ಅನ್ನೋರು" ಎಂದಷ್ಟೇ ಹೇಳಿ, ಚಿನ್ನದ ಬೆಲೆಗೆ ಕಾಸನ್ನು ರಂಗನಾಯಕನಿಗೇ ಕೊಟ್ಟು ಗಾಡಿ ಹತ್ತಿದಳು. ಪುಟ್ಟಮಲ್ಲಿ ಹೇಗೋ ಕಾಲೇಜು ಸೇರಿದಳಂತೆ. ಸಿದ್ದಾಚಾರಿಯ ಕಲ್ಲಿಗೆ ಮಾತ್ರ ಆಮೇಲೆ ಯಾರೂ ಚಿನ್ನ ತರಲಿಲ್ಲ. ಅದನ್ನು ಕಾವೇರಿಗೆ ಎಸೆಯುವ ಪ್ರಮೇಯವೂ ಬರಲಿಲ್ಲ, ಮೂಲೆಯಲ್ಲಿ ಧೂಳು ಹಿಡಿಯಿತು.

ರಂಗನಾಯಕ ಆ ಕಾಸನ್ನು ಗಾಜಿನ ಡಬ್ಬಿಯಲ್ಲಿಟ್ಟು ಅಂಗಡಿಯ ಮುಂದುಗಡೆಯೇ ಇಟ್ಟ. ಕೇಳಿದವರಿಗೆಲ್ಲ, "ಇದು ನಕಲಿ ಕಾಸು. ಕೈ ನಮ್ಮ ಸಿದ್ದಾಚಾರ್ರದ್ದು, ಈ ಸೀಮೇಲೇ ಅಂಥ ಕೈ ಇಲ್ಲ" ಎನ್ನುತ್ತಿದ್ದ. ಸಿದ್ದಾಚಾರಿ ಮಣೆಯನ್ನು ಬೀದಿಯ ಕಡೆಗೆ ತಿರುಗಿಸಿಕೊಂಡು ಕೂತು ಅದನ್ನು ದಿನಾ ಕೇಳಿಸಿಕೊಳ್ಳುತ್ತಿದ್ದ. ಒಬ್ಬೊಬ್ಬರು ಅಸಲಿ ಎಲ್ಲಿದೆ ಎಂದೂ ಕೇಳುತ್ತಿದ್ದರು. ಆಗ ರಂಗನಾಯಕ ಬೀದಿಯ ಈಚೆಗೆ ನೋಡದೆ, "ಕಾಣೆ ಕಣ್ರಿ, ಎಲ್ಲೋ ಕಳೆದೋಯ್ತಂತೆ" ಎಂದು ಗಡಿಯಾರ ಕೈಗೆತ್ತಿಕೊಳ್ಳುತ್ತಿದ್ದ. ಅಷ್ಟು ದೊಡ್ಡ ಮನಸ್ಸು ಆ ಗಡಿಯಾರದವನಿಗೆ ಎಲ್ಲಿಂದ ಬಂತು ಎಂದು ಸಿದ್ದಾಚಾರಿಗೆ ಸಾಯುವ ತನಕ ಹೊಟ್ಟೆ ಉರಿಯುತ್ತಲೇ ಇತ್ತು.