ಹಾಸ್ಕಿ ಅಜ್ಜನ ಅನುಮಾನ
ಗ್ಯಾಲಪ್ ಊರಿನ ಶನಿವಾರದ ಸಂತೆಯಲ್ಲಿ ನನ್ನ ಕುರಿಸಾರಿನ ಅಂಗಡಿಯ ಪಕ್ಕದಲ್ಲೇ ಕೂರುವ ನವಾಹೊ ಬುಡಕಟ್ಟಿನ ಅಕ್ಕಸಾಲಿಗ ಹಾಸ್ಕಿ ಅಜ್ಜನಿಗೆ ಈ ಭೂಮಿಯ ಮೇಲೆ ನಂಬಿಕೆಯಿರುವುದು ತನ್ನ ಸುತ್ತಿಗೆಯೊಂದರಲ್ಲೇ. ಒಡವೆಯ ನೀಲಿಕಲ್ಲು ಕಂಡರೆ ಅಸಲಿಯೇ ಎಂದು ನೆಕ್ಕಿ ನೋಡುತ್ತಾನೆ, ಸೂಜಿ ಕಾಯಿಸಿ ಚುಚ್ಚುತ್ತಾನೆ, ಪ್ಲಾಸ್ಟಿಕ್ ವಾಸನೆ ಬಂದರೆ ಇಡೀ ಸಂತೆಗೆ ಕೇಳುವಂತೆ ಸೀನುತ್ತಾನೆ. ನನ್ನ ಸಾರಿನಿಂದಲೂ ಒಂದು ತುಂಡು ಎತ್ತಿ ಹಿಡಿದು, "ಇದು ಕುರೀನೇ ಏನಮ್ಮ? ನಿಜ ಹೇಳು" ಎನ್ನುತ್ತಾನೆ. "ಅಲ್ಲಜ್ಜ, ನಿನ್ನ ನಾಯಿ" ಅಂದರೆ, ಎದ್ದು ಹೋಗಿ ತನ್ನ ಟ್ರಕ್ಕಿನ ಕೆಳಗೆ ನಾಯಿ ಮಲಗಿದೆಯೇ ಎಂದು ಬಗ್ಗಿ ನೋಡಿ ಬಂದೇ ಉಣ್ಣುತ್ತಾನೆ. ಹಳೆಯ ಬೆಳ್ಳಿ ತೊಟ್ಟವರು ಅವನನ್ನು ಕಂಡರೆ ದಾರಿ ಬದಲಿಸುತ್ತಾರೆ. ಕೈಗೆ ಸಿಕ್ಕವರ ಕಡಗ ಬಿಚ್ಚಿಸಿ, ಜೇಬಿನಿಂದ ಬೆಳ್ಳಿಗೆ ಚಿತ್ತಾರ ಹೊಡೆಯುವ, ತುದಿ ಮುರಿದ ಅರ್ಧಚಂದ್ರದ ಅಚ್ಚೊಂದನ್ನು ತೆಗೆದು, ಕಡಗದ ಚಿತ್ತಾರಕ್ಕೆ ತಾಳೆ ಹಾಕಿ, "ಊಹೂಂ, ಇದಲ್ಲ" ಎಂದು ಮರಳಿಸುತ್ತಾನೆ. ಕಳ್ಳಮಾಲು ಹುಡುಕುತ್ತಾನೆಂದೇ ನಾವೆಲ್ಲ ನಗುತ್ತಿದ್ದೆವು. ಮೊನ್ನೆ ಕೇಳಿಯೇಬಿಟ್ಟೆ: "ಯಾರ ಮೇಲಜ್ಜ ನಿನ್ನ ಅನುಮಾನ?" ಅಚ್ಚನ್ನು ನನ್ನ ಅಂಗೈಯಲ್ಲಿಟ್ಟ. "ನಮ್ಮಮ್ಮಂದು. ಆಗಿನವರು ಒಡವೆಗೆ ಹೆಸರು ಹಾಕ್ತಿರಲಿಲ್ಲ. ಸಣ್ಣವನಿದ್ದಾಗ ಇದನ್ನ ಬಂಡೆಗೆ ಕುಟ್ಟಿ ತುದಿ ಮುರಿದವನು ನಾನೇ. ಅವಳು ಬೈಲಿಲ್ಲ, ಕೊನೇತನಕ ಇದರಲ್ಲೇ ಚಿತ್ತಾರ ಹೊಡೆದಳು. ಮಾಡಿದ್ದೆಲ್ಲ ಮಾರಿ ನಮ್ಮನ್ನ ಸಾಕಿದಳು, ಮನೇಲಿ ಒಂದೂ ಉಳೀಲಿಲ್ಲ." ಈಗ ಸಾರು ಉಣ್ಣಲು ಬಂದವರ ಕೈಗೆ ಬಟ್ಟಲು ಕೊಡುವ ಮೊದಲು, ಅವರ ಕಡಗದಲ್ಲಿ ತುದಿ ಮುರಿದ ಚಂದ್ರನಿದ್ದಾನೆಯೇ ಎಂದು ನಾನೂ ನೋಡುತ್ತೇನೆ.